ಜ್ವರದ ಬ್ರೆಡ್ಡು

ಗಂಗಾಶ್ರೀಗೆ ಒಂಬತ್ತು ವರ್ಷ ತುಂಬಿದರೂ ಒಂದು ನೆಟ್ಟಗಿನ ಜ್ವರ ಬಂದಿರಲಿಲ್ಲ. ಉಳವಿಯ ಶಾಲೆಯಲ್ಲಿ ಇದನ್ನು ದೊಡ್ಡ ಗುಣವೆಂದು ತಿಳಿದು ಪೂರ್ಣ ಹಾಜರಿಗೆ ಎರಡು ವರ್ಷ ಬಹುಮಾನ ಕೊಟ್ಟಿದ್ದರು, ಎರಡು ಸಲವೂ ಸೋಪಿನ ಡಬ್ಬಿ. ಮನೆಯಲ್ಲೂ ಹೊಗಳಿಕೆಯೇ. "ನಮ್ಮ ಗಂಗಾ ಗುಂಡುಕಲ್ಲು ಇದ್ದಂಗೆ ಅದಾಳೆ" ಎಂದು ಅಜ್ಜಿ ಬಂಗಾರಮ್ಮ ಬಂದುಹೋದವರಿಗೆಲ್ಲ ಹೇಳುತ್ತಿದ್ದಳು. ಆದರೆ ಗುಂಡುಕಲ್ಲಿನ ಸಂಕಟ ಗುಂಡುಕಲ್ಲಿಗೇ ಗೊತ್ತಿತ್ತು. ಅದಕ್ಕೆ ಬ್ರೆಡ್ಡು ಬೇಕಿತ್ತು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ತೊಂಬತ್ತನಾಲ್ಕನೇ ಇಸವಿಯಲ್ಲಿ ಆ ಕಡೆಯ ಮನೆಗಳಲ್ಲಿ ಬ್ರೆಡ್ಡು ತಿಂಡಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ, ಔಷಧಿಯ ಲೆಕ್ಕಕ್ಕೆ ಬರುತ್ತಿತ್ತು. ಜ್ವರ ಬಂದವರಿಗೆ, ಹಲ್ಲು ಕೀಳಿಸಿಕೊಂಡವರಿಗೆ, ಆಪರೇಷನ್ ಆಗಿ ಮಲಗಿದವರಿಗೆ ಬ್ರೆಡ್ಡು. ಕಾಯಿಲೆಯವರನ್ನು ನೋಡಲು ಹೋಗುವವರು ಬರಿಗೈಯಲ್ಲಿ ಹೋಗುವಂತಿಲ್ಲ, ಅವರ ಕಂಕುಳಲ್ಲೂ ಒಂದು ಬ್ರೆಡ್ಡು. ಕೈಕಾಲು ಗಟ್ಟಿಯಿದ್ದವರು ಬ್ರೆಡ್ಡು ತಿಂದರೆ ನೋಡಿದವರು ಬೆಚ್ಚಿಬೀಳುತ್ತಿದ್ದರು. ಗಂಗಾ ಒಂದೇ ಒಂದು ಸಲ ಬೇಕೆಂದು ಕೇಳಿದ್ದಕ್ಕೆ ಅಜ್ಜಿ ಗದರಿಸಿ ಬಾಯಿ ಮುಚ್ಚಿಸಿದ್ದಳು. "ಬಿಡ್ತು ಅನ್ನು. ಬ್ರೆಡ್ಡು ಬೇಕು ಅನ್ಬಾರ್ದು, ಜ್ವರನ ಮನೆಗೆ ಕರದಂಗೆ ಆಗ್ತೈತೆ."

ಅವಳ ತಮ್ಮ ಚನ್ನೇಶನ ಅದೃಷ್ಟ ಬೇರೆ. ಆರು ವರ್ಷದ ಆ ಪುಣ್ಯಾತ್ಮನಿಗೆ ತಿಂಗಳಿಗೊಂದು ಜ್ವರ, ಜ್ವರಕ್ಕೊಂದು ಬ್ರೆಡ್ಡು. ಅವ್ವ ನೀಲಾಂಬಿಕ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಣದ ಕಾಗದ ಬಿಚ್ಚಿ, ಒಂದೊಂದೇ ತುಂಡನ್ನು ಬಿಸಿ ಹಾಲಿನಲ್ಲಿ ಅದ್ದಿ, ಊದಿ ಊದಿ ತಿನ್ನಿಸುತ್ತಿದ್ದಳು. ಕಂದು ಬಣ್ಣದ ಅಂಚು ಜ್ವರಕ್ಕೆ ಒಳ್ಳೆಯದಲ್ಲವೆಂದು ಅದನ್ನು ಕಿತ್ತು ಕರುವಿಗೆ ಹಾಕುತ್ತಿದ್ದಳು. ಗಂಗಾಳ ಪಾಲಿಗೆ ಬರುತ್ತಿದ್ದುದು ಮೇಣದ ಕಾಗದ ಮಾತ್ರ. ಅದಕ್ಕೆ ಮೂಗು ಒತ್ತಿ ಕೂತರೆ ಸಿಹಿಯಾದ, ಮೆತ್ತಗಿನ ಒಂದು ವಾಸನೆ. ಕರುವಿಗಿಂತ ಕಡೆಯಾದೆನಲ್ಲ ಎಂದು ಅವಳಿಗೆ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು. ಬ್ರೆಡ್ಡಿನಷ್ಟೇ ಅವ್ವನ ಆ ತೊಡೆಯೂ ಬೇಕಿತ್ತು, ಆದರೆ ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ.

ದಾರಿ ತೋರಿಸಿದವಳು ಕ್ಲಾಸಿನ ಧನ್ಯಾ. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಮೈ ಕಾಯುತ್ತದಂತೆ. ಸಂಕ್ರಾಂತಿ ಕಳೆದ ಮೇಲಿನ ಒಂದು ಮಂಗಳವಾರ ಬೆಳಿಗ್ಗೆ ಗಂಗಾ ಒಂದು ದಪ್ಪ ಈರುಳ್ಳಿಯನ್ನು ಎಡಗಂಕುಳಲ್ಲಿ ಸೇರಿಸಿಕೊಂಡಳು. ಈರುಳ್ಳಿಯೊಂದನ್ನೇ ನಂಬಿ ಕೂರುವ ಹುಡುಗಿ ಅವಳಲ್ಲ. ಬಚ್ಚಲ ಒಲೆಯ ಬಾಯಿಗೆ ಹಣೆ ಕೊಟ್ಟು ನೂರರವರೆಗೆ ಎಣಿಸಿ, ಓಡಿ ಬಂದು ಕಂಬಳಿ ಹೊದ್ದು ನರಳಿದಳು.

ಅವ್ವ ಹಣೆ ಮುಟ್ಟಿದಳು. "ಅಯ್ಯೋ ಶಿವನೇ, ಕೆಂಡ ಆಗೈತಲ್ಲ ಇದರ ಮೈ" ಎಂದವಳೇ ಶಿಕಾರಿಪುರದ ಬಸ್ಸಿಗೆ ಹೊರಟು ನಿಂತಿದ್ದ ಗಂಡನನ್ನು ಕೂಗಿದಳು. "ಏನ್ರೀ, ಗಂಗಾಗೆ ಜ್ವರ ಬಂದೈತೆ. ಬರ್ತಾ ಒಂದು ಬ್ರೆಡ್ಡು ತಗಂಡು ಬರ್ರೀ."

ಕಂಬಳಿಯೊಳಗೆ ಗಂಗಾ ನಗು ತಡೆಯಲಾರದೆ ಕೈ ಕಚ್ಚಿಕೊಂಡಳು. ಅವಳ ನಡುಗುವಿಕೆ ನೋಡಿ ಮನೆಯವರು ಚಳಿಜ್ವರವೆಂದುಕೊಂಡರು. ಎಲ್ಲವೂ ಅಂದುಕೊಂಡಂತೆಯೇ ನಡೆಯುತ್ತಿತ್ತು, ಅಷ್ಟರಲ್ಲಿ ಅಜ್ಜಿಗೆ ಒಂದು ಮಾತು ನೆನಪಾಯಿತು.

"ಅಲ್ಲ, ಇದು ಹೋದ ಭಾನುವಾರ ಕ್ಯಾಸನೂರಿಗೆ ಹೋಗಿತ್ತಲ್ಲ?"

ಹೋಗಿದ್ದಳು. ಸೋದರತ್ತೆಯ ಹೊಸ ಮನೆ ಪೂಜೆಗೆ ಹೋಗಿ ಕಾಡಿನ ಅಂಚಿನಲ್ಲಿ ಇಡೀ ದಿನ ಕುಣಿದು ಬಂದಿದ್ದಳು. ಜ್ವರಕ್ಕೆ ವಾರ ಆರಿಸುವಾಗ ಇದೊಂದನ್ನು ಮಾತ್ರ ಅವಳು ಯೋಚಿಸಿರಲಿಲ್ಲ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಯ ಉಣುಗು ಹುಳ ಕಚ್ಚಿ ಮನುಷ್ಯರಿಗೆ ತಗಲುವುದು ಮಂಗನ ಕಾಯಿಲೆ. ಚಳಿಗಾಲ ಮುಗಿಯುವ ಹೊತ್ತಿಗೆ ಕ್ಯಾಸನೂರು, ಜ್ವರ ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಸೊರಬದ ಕಡೆಯವರಿಗೆ ಮೂರನೆಯ ಮಾತು ಕೇಳಿಸುವುದಿಲ್ಲ. ಅವ್ವ ಗಂಗಾಳ ಕಾಲಲ್ಲಿ ಉಣುಗು ಕಚ್ಚಿದ ಗುರುತು ಹುಡುಕತೊಡಗಿದಳು. ಸಂಜೆ ಬಂದು ರಕ್ತ ತೆಗೆದುಕೊಂಡು ಹೋಗಬೇಕೆಂದು ನರ್ಸ್ ವರದಮ್ಮನಿಗೆ ಹೇಳಿಕಳಿಸಿದರು. ಅಲ್ಲಿಯವರೆಗೆ ಬರೀ ಗಂಜಿ, ಬೇರೇನೂ ಕೊಡಬೇಡಿ ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದಳು.

ಅತ್ತ ಅಪ್ಪ ಮಹೇಶ್ವರಪ್ಪ ಬಸ್ಸಿನಲ್ಲಿ ಸುಮ್ಮನೆ ಕೂತಿದ್ದರೆ ಇಷ್ಟಾಗುತ್ತಿರಲಿಲ್ಲ. ಮುಖ ಸಪ್ಪಗಿರುವುದನ್ನು ನೋಡಿ ಕಂಡಕ್ಟರ್ ರಾಜು ಏನು ವಿಷಯವೆಂದು ಕೇಳಿದ, ಇವನು ಹೇಳಿದ. ಬಸ್ಸು ಸೊರಬ ಮುಟ್ಟಿದಾಗ ಸುದ್ದಿ ಗಂಗಾಗೆ ಜ್ವರ ಎಂಬಷ್ಟೇ ಇತ್ತು. ಶಿರಾಳಕೊಪ್ಪದಲ್ಲಿ ಅದು ಮಂಗನ ಕಾಯಿಲೆಯಾಯಿತು. ಶಿಕಾರಿಪುರದಲ್ಲಿ ಇಳಿಯುವಾಗ ಹುಡುಗಿಗೆ ಮಾತೂ ನಿಂತಿತ್ತು. ಮಹೇಶ್ವರಪ್ಪ ಹೆಂಡತಿಯ ಅಣ್ಣ ಮಲ್ಲೇಶಪ್ಪನ ಮಂಡಿ ಅಂಗಡಿಗೆ ಹೋದರೆ ಮಲ್ಲೇಶಪ್ಪ ಅಲ್ಲಿರಲಿಲ್ಲ. ಆಗಲೇ ಬೇಕರಿಯ ಮುಂದೆ ನಿಂತಿದ್ದ.

ಮಧ್ಯಾಹ್ನದ ಬಸ್ಸಿನಿಂದ ಜನ ಇಳಿಯತೊಡಗಿದರು. ಸೊರಬದ ದೊಡ್ಡಪ್ಪ, ಕ್ಯಾಸನೂರಿನ ಸೋದರತ್ತೆ, ಅವಳ ಬೀಗರು, ಗಂಗಾ ಯಾರೆಂದೇ ಗೊತ್ತಿಲ್ಲದ ಇಬ್ಬರು. ಎಲ್ಲರ ಕೈಯಲ್ಲೂ ಒಂದೊಂದು ಬ್ರೆಡ್ಡು. ಮಲ್ಲೇಶಪ್ಪ ಮಾವನ ಕೈಯಲ್ಲಿ ಮೂರು. ಬಂದವರೆಲ್ಲ ಹಣೆ ಮುಟ್ಟಿ, ಲೊಚಗುಟ್ಟಿ, ತಂದದ್ದನ್ನು ತಲೆದಿಂಬಿನ ಪಕ್ಕ ಇಟ್ಟು ಕೂರುತ್ತಿದ್ದರು. ನಾಲ್ಕು ಗಂಟೆಗೆ ಗಂಗಾ ಎಣಿಸಿದಳು, ಹನ್ನೊಂದು ಬ್ರೆಡ್ಡು. ಗೋಡೆಗೆ ಒರಗಿಸಿ ಪೇರಿಸಿದ್ದ ಅವುಗಳ ವಾಸನೆ ಮೂಗಿನ ಮುಂದೆಯೇ ಇತ್ತು, ಬಾಯಲ್ಲಿ ಉಪ್ಪಿಲ್ಲದ ಗಂಜಿ. ಎಡಗೈ ಜೋಮು ಹಿಡಿದು ಹೋಗಿತ್ತು. ಬಚ್ಚಲಿಗೆ ಹೋಗಿ ಹಣೆ ಕಾಯಿಸಿಕೊಂಡು ಬಂದದ್ದು ಏಳು ಸಲ.

"ಮಾವ, ಒಂದು ಚೂರು ಕೊಡು" ಎಂದು ಅವಳು ಪಿಸುಗುಟ್ಟಿದಳು.

ಮಲ್ಲೇಶಪ್ಪನ ಕಣ್ಣು ತುಂಬಿತು. "ರಕ್ತ ಕೊಟ್ಟಾದ ಮ್ಯಾಲೆ ಎಲ್ಲಾ ನಿಂದೇ ಐತವಾ. ಯಾರಿಗೂ ಕೊಡಬ್ಯಾಡ."

ಆಗಲೇ ವರದಮ್ಮ ಬಂದಳು. ಸ್ಟೀಲಿನ ಡಬ್ಬಿ ತೆರೆದು ಸೂಜಿ ತೆಗೆದಳು. ಆ ಸೂಜಿ ಗಂಗಾಳ ಕಣ್ಣಿಗೆ ಕೊಡೆಯ ಕಡ್ಡಿಯಷ್ಟು ಉದ್ದ ಕಂಡಿತು. ಈಗ ಎದ್ದು ನಿಜ ಹೇಳಿದರೆ ಸೂಜಿ ತಪ್ಪುತ್ತದೆ, ಆದರೆ ಬ್ರೆಡ್ಡೂ ತಪ್ಪುತ್ತದೆ. ಸುಮ್ಮನಿದ್ದರೆ ಒಂದು ಸೂಜಿಗೆ ಹನ್ನೊಂದು ಬ್ರೆಡ್ಡು, ಮೇಲೆ ಅವ್ವನ ತೊಡೆ. ಗಂಗಾ ಒಮ್ಮೆ ಸೂಜಿ ನೋಡಿದಳು, ಒಮ್ಮೆ ಗೋಡೆಯ ಕಡೆ ನೋಡಿದಳು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಬಲಗೈ ಚಾಚಿದಳು.

"ಧೈರ್ಯವಂತೆ ಕಣೇ ನೀನು" ಎಂದಳು ವರದಮ್ಮ. "ಇರು, ಮೊದ್ಲು ಜ್ವರ ಎಷ್ಟೈತೆ ನೋಡಣ. ಈ ಕೈ ಎತ್ತು." ಥರ್ಮಾಮೀಟರ್ ಇಡಲು ಅವಳೇ ಗಂಗಾಳ ಎಡಗೈ ಎತ್ತಿಬಿಟ್ಟಳು.

ಈರುಳ್ಳಿ ಚಾಪೆಯ ಮೇಲೆ ಬಿತ್ತು. ಅಲ್ಲಿಂದ ನೆಲಕ್ಕಿಳಿದು, ದೊಡ್ಡಪ್ಪನ ಕಾಲು ದಾಟಿ, ಸೋದರತ್ತೆಯ ಸೆರಗಿನ ಪಕ್ಕದಲ್ಲಿ ಉರುಳಿ, ಮಲ್ಲೇಶಪ್ಪ ಮಾವನ ಮುಂದೆ ಹೋಗಿ ನಿಂತಿತು. ಕೂತವರೆಲ್ಲ ಅದನ್ನೇ ನೋಡಿದರು. ಒಲೆಯ ಶಾಖಕ್ಕೆ ಬೆವರಿ ಕೆಂಪಾಗಿದ್ದ ಹುಡುಗಿಯನ್ನು ನೋಡಿದರು. ಮತ್ತೆ ಈರುಳ್ಳಿಯನ್ನು ನೋಡಿದರು. ವರದಮ್ಮ ತುಟಿ ಬಿಗಿಹಿಡಿದು ಸೂಜಿಯನ್ನು ಡಬ್ಬಿಗೆ ಹಾಕಿದಳು.

ಅವ್ವ ಹೊಡೆಯಲು ಕೈ ಎತ್ತಿದವಳು ಹೊಡೆಯಲಾರದೆ ಮಗಳನ್ನು ಬಾಚಿ ಅಪ್ಪಿಕೊಂಡು ಅತ್ತಳು. ಅಳುತ್ತಲೇ ನಕ್ಕಳು. ಬೆಳಗಿನಿಂದ ಎದೆಯ ಮೇಲಿದ್ದ ಭಾರ ಇಳಿದ ಸಂತೋಷಕ್ಕೆ ಅವಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ.

"ಬ್ರೆಡ್ಡು ಬೇಕಿದ್ರೆ ಕೇಳ್ಬಾರ್ದಿತ್ತೇನೇ?" ಎಂದ ಮಹೇಶ್ವರಪ್ಪ.

"ಕೇಳಿದ್ರೆ ಜ್ವರ ಬರ್ತೈತೆ ಅಂತ ಅಜ್ಜಿ ಅಂದಿದ್ಲಲ್ಲ ಅಪ್ಪಾಜಿ. ಅದಕ್ಕೆ ಮೊದ್ಲು ಜ್ವರನೇ ತಂದ್ಕಂಡೆ."

ಮಲ್ಲೇಶಪ್ಪ ಮಾವನ ನಗು ಶುರುವಾಯಿತು. ಅವನ ಹೊಟ್ಟೆ ಕುಲುಕಿದ್ದು ನೋಡಿ ದೊಡ್ಡಪ್ಪ ನಕ್ಕ, ದೊಡ್ಡಪ್ಪನನ್ನು ನೋಡಿ ಉಳಿದವರು ನಕ್ಕರು. ನಕ್ಕು ಮುಗಿದ ಮೇಲೆ ಹೊಸ ಸಮಸ್ಯೆ ಎದುರಾಯಿತು. ಕಾಯಿಲೆಯವರಿಗೆಂದು ತಂದದ್ದನ್ನು ವಾಪಸ್ಸು ಒಯ್ಯುವಂತಿಲ್ಲ, ಇಟ್ಟರೆ ಎರಡು ದಿನಕ್ಕೆ ಬೂಷ್ಟು. ಗಟ್ಟಿಮುಟ್ಟಾದ ಅಷ್ಟು ಜನ ಹನ್ನೊಂದು ಬ್ರೆಡ್ಡಿನ ಸುತ್ತ ಕಳ್ಳರಂತೆ ಮುಖ ಮುಖ ನೋಡಿಕೊಂಡರು. "ನಂಗೂ ಬೆಳಿಗ್ಗಿಂದ ತಲೆ ಭಾರ ಐತಿ ನೋಡು" ಎಂದು ಮಾವ ಮೊದಲ ಕಾಗದ ಬಿಚ್ಚಿದ. ಸೋದರತ್ತೆಗೆ ಸೊಂಟ ನೋವಿರುವುದು ನೆನಪಾಯಿತು, ದೊಡ್ಡಪ್ಪನಿಗೆ ಹಳೆಯ ಹಲ್ಲುನೋವು. ಹಾಲು ಕಾಯಿತು, ಕಾವಲಿಯ ಮೇಲೆ ತುಪ್ಪ ಸಕ್ಕರೆ ಸವರಿದ ಬ್ರೆಡ್ಡು ಬೆಂದಿತು, ಯಾರೋ ಚಟ್ನಿಪುಡಿಯನ್ನೂ ತಂದರು. ಗಂಗಾ ಅವ್ವನ ತೊಡೆಯ ಮೇಲೆ ತಲೆಯಿಟ್ಟು, ಹಾಲಲ್ಲಿ ಅದ್ದಿದ ತುಂಡುಗಳನ್ನು ಒಂದಾದ ಮೇಲೊಂದರಂತೆ ನುಂಗಿದಳು. ಅಂಚನ್ನೂ ಬಿಡಲಿಲ್ಲ. ಕರು ಹೊರಗೆ ಕೂಗುತ್ತಿತ್ತು.

ಅಜ್ಜಿಯೊಬ್ಬಳು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದಳು.

"ಅಜ್ಜೀ, ತಗೋ."

"ನಂಗೇನಾಗೈತೆ ಬ್ರೆಡ್ಡು ತಿನ್ನಕ್ಕೆ?"

"ನಿಂಗೆ ಜ್ವರ ಬಂದಾಗ ಯಾರು ತರ್ತಿದ್ರು?"

ಅಜ್ಜಿಯ ಅಡಕತ್ತರಿ ನಿಂತಿತು. "ನಂಗೆ ಜ್ವರ ಬಂದಿದ್ದು ನೋಡಕ್ಕೆ ಯಾರಿಗೇ ಪುರುಸೊತ್ತಿತ್ತು? ಬರ್ತಿತ್ತು, ರೊಟ್ಟಿ ಬಡೀತಾ ಬಡೀತಾ ತಾನೇ ಹೋಗ್ತಿತ್ತು."

ಅಜ್ಜಿಯೂ ಗುಂಡುಕಲ್ಲೇ ಎಂದು ಗಂಗಾಗೆ ಆಗ ಹೊಳೆಯಿತು, ಅಳು ಬಂತು. ಎಪ್ಪತ್ತು ವರ್ಷ ಮೇಣದ ಕಾಗದವೂ ಸಿಗದೆ ಹೇಗಿದ್ದಳೋ. ಅವಳು ಅಜ್ಜಿಯ ಕೈ ಹಿಡಿದು ಎಳೆದು ತಂದು ತನ್ನ ಚಾಪೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಹಣೆ ಮುಟ್ಟಿ "ಅಯ್ಯೋ ಶಿವನೇ, ಕೆಂಡ ಆಗೈತಲ್ಲ" ಎಂದಳು. ನೆಂಟರೆಲ್ಲ ಸರದಿಯಲ್ಲಿ ಬಂದು ಲೊಚಗುಟ್ಟಿದರು. "ಹೆಂಗದೀರಿ ಅಮ್ಮಾರೆ?" ಎಂದು ಮಲ್ಲೇಶಪ್ಪ ಕೇಳಿದರೆ ಅಜ್ಜಿ "ಏನೋ, ಹಿಂಗೆ ಅದೀನಪ್ಪ" ಎಂದು ಸಣ್ಣಗೆ ನರಳಿದಳು. ಗಂಗಾ ಹಾಲಲ್ಲಿ ಅದ್ದಿ, ಊದಿ ಊದಿ ತಿನ್ನಿಸಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಒಂದಿಡೀ ಬ್ರೆಡ್ಡು ಮುಗಿಸಿದಳು, ನಡುವೆ ಒಮ್ಮೆ ಸಕ್ಕರೆ ಸಾಲದೆಂದಳು.

ಮುಂದಿನ ಮಂಗಳವಾರ ಮಹೇಶ್ವರಪ್ಪ ಮತ್ತೆ ಶಿಕಾರಿಪುರಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ಅಜ್ಜಿ ಗಂಗಾಳನ್ನು ಹಿತ್ತಿಲ ಬಾಗಿಲಿಗೆ ಕರೆದಳು. ಆ ಕಡೆ ಈ ಕಡೆ ನೋಡಿ, ಸೆರಗಿನೊಳಗಿಂದ ಒಂದು ದಪ್ಪ ಈರುಳ್ಳಿ ತೆಗೆದು ಮೆಲ್ಲಗೆ ಕೇಳಿದಳು.

"ಗಂಗಾ, ಇದನ್ನ ಎಡಗಡೆ ಇಟ್ಕಬೇಕೋ, ಬಲಗಡೆನೋ?"