ಇಪ್ಪತ್ತು ಸನ್ನೆಗಳ ಮನೆ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಮಧ್ಯಾಹ್ನ ಮೂರು ಗಂಟೆ. ಮನೆಗೆ ಅಂಟಿಕೊಂಡ ಪುಸ್ತಕ ಬೈಂಡಿಂಗ್ ಅಂಗಡಿಯ ಗೋಡೆ ಕೊರೆದು ಲೈನ್‌ಮನ್ ಇಂಟರ್‌ನೆಟ್ಟಿನ ಹೊಸ ತಂತಿಯನ್ನು ಒಳಗೆಳೆದಾಗ ಅತ್ತೆ ರಟ್ಟು ಕೊಯ್ಯುತ್ತಿದ್ದಳು. ಉದುರಿದ ಸುಣ್ಣ ಗುಡಿಸಿದಳೇ ಹೊರತು ಹೊಸ ತಂತಿಯ ಕಡೆ ತಲೆ ಎತ್ತಲಿಲ್ಲ.

ಸೊಸೆಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಹತ್ತು ವರ್ಷ ಆ ಮನೆ ಅವಳ ಜೊತೆ ಇಪ್ಪತ್ತು ಸನ್ನೆಗಳಲ್ಲೇ ಸಂಸಾರ ಮಾಡಿತ್ತು. ದಾರ, ಅಂಟು, ಸಾಕು, ಊಟ ಆಯ್ತಾ, ಹೀಗೆ. ಅವಳ ಶಾಲೆಯ ಗೆಳತಿಯರ ಕೈಮಾತು ಬೇರೆ, ನೀರು ಹರಿದಂತೆ. ಹಳೆಯ ಲೈನಿನಲ್ಲಿ ವಿಡಿಯೋ ಕರೆಯ ನಡುವೆ ಫೋನಿನೊಳಗಿನ ಕೈಗಳು ಗಾಳಿಯಲ್ಲೇ ಕಲ್ಲಾಗುತ್ತಿದ್ದವು; ಅರ್ಧ ಮಾತಿಗೇ ಅವಳು ಫೋನು ಮಗುಚಿಡುತ್ತಿದ್ದಳು. ಈಗ ಬಾಗಿಲು ಮುಂದೆ ಮಾಡಿಕೊಂಡು ಗಂಟೆಗಟ್ಟಲೆ ಕೂರುತ್ತಾಳೆ. ಬಾಗಿಲ ಸಂದಿಯಿಂದ ಅತ್ತೆಗೆ ಕಂಡದ್ದು ಪರದೆಯ ಮೇಲೊಬ್ಬ ಗಂಡಸು, ಇತ್ತ ಸೊಸೆಯ ನಗು.

ಮಗನಿಗೆ ಹೇಳಿದಳು. ಕೆಲಸದ ವಿಷಯ, ಕಿವಿ ಕೇಳದ ಮಕ್ಕಳಿಗೆ ಮನೆಯಿಂದಲೇ ಪಾಠ ಹೇಳುವುದಂತೆ ಎಂದ ಅವನು.

"ಹತ್ತು ವರ್ಷಕ್ಕೆ ನಗ್ತಿದಾಳೆ, ನಗ್ಲಿ ಬಿಡಮ್ಮ."

"ನಗ್ಲಿ. ಯಾರಿಗೆ ಅಂತ ಕೇಳ್ದೆ, ಅಷ್ಟೆ. ಒಂದಿನ ಎದ್ದು ಹೋದ್ರೆ ನೀನು ಯಾರ ಹತ್ರ ಕೈ ಆಡಿಸ್ತೀಯ?"

ಸೋಮವಾರ ಸೊಸೆ ತಲೆ ಬಾಚಿ, ಹೊಸ ಬಟ್ಟೆ ತೊಟ್ಟು ಫೋನಿನ ಮುಂದೆ ಕೂತಳು. ಹೊಸ ಬಟ್ಟೆ ಕಂಡ ಅತ್ತೆ ಕೊಯ್ಯುತ್ತಿದ್ದ ರಟ್ಟು ಬಿಟ್ಟು ಎದ್ದಳು. ಅಂಗಡಿಯ ಹಿಂದಕ್ಕೊಮ್ಮೆ ಹೋಗಿ ಬಂದಳು.

ಮಾತಿನ ನಡುವೆ ಲೈನು ಸತ್ತಾಗ, ಇಲಿ ಕಡಿದಿರಬೇಕೆಂದು ಅತ್ತೆಯೇ ಹೇಳಿದ್ದು. ಮರುದಿನ ಲೈನ್‌ಮನ್ ತಂತಿಯ ತುದಿಯನ್ನು ಬೆಳಕಿಗೆ ಹಿಡಿದ. "ಇಲಿಗೆ ಇಷ್ಟು ಚೆನ್ನಾಗಿ ಹಲ್ಲು ಮಸೆದುಕೊಟ್ಟೋರು ಯಾರಮ್ಮ?"

ಸೊಸೆ ಆ ತುಂಡನ್ನು ಇಸಿದುಕೊಂಡು, ಕೊಯ್ದ ಕಾಗದದ ಅಂಚು ನೋಡುವಂತೆ ಹೆಬ್ಬೆರಳಾಡಿಸಿದಳು. ಎಡಕ್ಕೆ ಓರೆಯಾದ ಕೊಯ್ತ. ಆ ಮನೆಯಲ್ಲಿ ಎಡಗೈಯಲ್ಲಿ ಚೂರಿ ಹಿಡಿಯುವವಳು ಒಬ್ಬಳೇ. ತುಂಡನ್ನು ಅತ್ತೆಯ ಅಂಟಿನ ಬಟ್ಟಲ ಪಕ್ಕ ಇಟ್ಟು ಒಳಗೆ ಹೋದಳು.

ಆ ಗಂಡಸು ಕಿವುಡು ಮಕ್ಕಳ ಶಾಲೆಯ ಹೆಡ್‌ಮೇಷ್ಟ್ರು, ಸೋಮವಾರ ನಡೆದದ್ದು ಸಂದರ್ಶನ ಎಂದು ಮಗ ಬಿಡಿಸಿ ಹೇಳಿದ್ದು ಆಮೇಲೆ. ಅರ್ಧದಲ್ಲೇ ಮಾಯವಾಗುವ ಲೈನನ್ನು ನಂಬಿ ಮಕ್ಕಳನ್ನು ಒಪ್ಪಿಸಲಾಗದು, ಬೇಕಾದರೆ ಶಾಲೆಯಲ್ಲೇ ಬಂದಿದ್ದು ಕಲಿಸಲಿ ಎಂದು ಅವರು ಬರೆದಿದ್ದರು.

"ಹೆಡ್‌ಮೇಷ್ಟ್ರೇ ಇದ್ರೂ ಇರ್ಬಹುದು," ಎಂದಳು ಅತ್ತೆ.

ಗುರುವಾರ ಬೆಳಿಗ್ಗೆ ಸೊಸೆ ಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದಳು. ಅತ್ತೆಯ ಎಡಗೈ ಮೇಲೆದ್ದಿತು. ಇಪ್ಪತ್ತರಲ್ಲಿ ಯಾವುದೂ ಒದಗಲಿಲ್ಲ. ಕೊನೆಗೆ ಬೆರಳುಗಳು ತಾವಾಗಿಯೇ ಬಾಯಿಯ ಕಡೆ ಹೋದವು: ಊಟ ಆಯ್ತಾ.

ಸೊಸೆ ಆಯಿತೆಂದು ತಲೆಯಾಡಿಸಿದಳು. ಶಾಲೆಯ ಊರಿನ ಎಂಟರ ಬಸ್ಸಿಗೆ ಹೋದಳು.