ಕಂಬಳಿ ಕಟ್ಟಿದ ಜಾರುಬಂಡಿ

ಹತ್ತು ದಿನದಿಂದ ಆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಇರಬೇಕಾದ ಕಡೆ ಸ್ಕ್ರೂ ಡಬ್ಬಿ ಕೂತಿತ್ತು. ಒಂದು ಬೆಳಿಗ್ಗೆ ಗಂಡ ಬೇಯಿಸಿದ ಮೊಟ್ಟೆಗೆ ಉಪ್ಪು ಉದುರಿಸಿಕೊಳ್ಳಲು ಹೋಗಿ ತಟ್ಟೆಗೆ ಎರಡು ಸ್ಕ್ರೂ ಬೀಳಿಸಿಕೊಂಡ. ಬಸ್ ಓಡಿಸುವ ಕೆಲಸ ಅವನದು; ಎಲ್ಲಿ ಹಾರ್ನ್ ಹೊಡೆಯಬೇಕು, ಎಲ್ಲಿ ಸುಮ್ಮನೆ ದಾರಿ ಬಿಡಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಸ್ಕ್ರೂಗಳನ್ನು ಪಕ್ಕಕ್ಕಿಟ್ಟು, ಸಪ್ಪೆ ಮೊಟ್ಟೆ ತಿಂದು ಕೆಲಸಕ್ಕೆ ಹೋದ.

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಬೀದಿ ಮೂಲೆಯಲ್ಲಿ ಒಂದೇ ಕೋಣೆಯ ಅಂಗಡಿ, ಎರಡು ಮಿಷನ್ನು, ಗೋಡೆ ತುಂಬ ಬೇರೆಯವರ ಕೋಟು. ಕೂತು ಮಾಡುವ ಕೆಲಸ ಹಿಡಿದಿದ್ದರೂ ಆಕೆ ಕೂತಲ್ಲಿ ಕೂರುವವಳಲ್ಲ. ಶಾಲೆಯಲ್ಲಿದ್ದಾಗಲೇ ಗೆಳತಿಯರು ಗಡಿಬಿಡಿ ಎಂದು ಹೆಸರಿಟ್ಟಿದ್ದರು. ವಯಸ್ಸು ನಲವತ್ತೈದಾದರೂ ಆ ಹೆಸರು ಸವೆದಿರಲಿಲ್ಲ. ಬಸ್ಸು ನಿಲ್ಲುವ ಮುಂಚೆ ಇಳಿಯುವವಳು, ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳುವವಳು. ಅಂಥವಳು ಹತ್ತು ದಿನ, ಹಿಮದ ಮೇಲೆ ಜಾರುವ ಒಂದೇ ಒಂದು ಜಾರುಬಂಡಿಯ ಮುಂದೆ ಮಂಡಿಯೂರಿ ಕೂತಿದ್ದಳೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ಕಾರಣ, ಗೆಳತಿಯ ಕಾಲು.

ಪ್ರತಿ ಚಳಿಗಾಲ, ಹಿಮ ಗಟ್ಟಿಯಾಗಿ ಕೂತ ಮೊದಲ ಭಾನುವಾರ, ಮೂವರು ಗೆಳತಿಯರು ನೀರಿನ ಟ್ಯಾಂಕಿನ ಹಿಂದಿನ ಇಳಿಜಾರಿಗೆ ಹೋಗುತ್ತಿದ್ದರು: ಗಡಿಬಿಡಿ, ಬೇಕರಿಯವಳು, ಲೆಕ್ಕದ ಟೀಚರು. ಗಾಲಿಯಿಲ್ಲದ ಮರದ ಬಂಡಿಯ ಮೇಲೆ ಕೂತು ಮೇಲಿಂದ ಕೆಳಕ್ಕೆ ಜಾರುವುದು, ಮತ್ತೆ ಅದನ್ನು ಎಳೆದುಕೊಂಡು ಹತ್ತುವುದು. ಬಂಡಿ ಮತ್ತು ಸೂಪು ಗಡಿಬಿಡಿಯ ಪಾಲು, ಬ್ರೆಡ್ಡು ಬೇಕರಿಯವಳದು, ಯಾರ ಸರದಿ ಯಾವಾಗ ಎಂಬ ಜಗಳ ತೀರಿಸುವುದು ಟೀಚರ್ ಕೆಲಸ. ಹೋದ ವರ್ಷ ಗಡಿಬಿಡಿ ಬಂಡಿ ಮಾಡಲು ಕೂತದ್ದೇ ಶನಿವಾರ ಸಂಜೆ. ಸ್ಕ್ರೂ ಹಾಕಬೇಕಾದ ಕಡೆ ಮೊಳೆ ಹೊಡೆದು ಕೈ ತೊಳೆದುಕೊಂಡಳು. ಮಾರನೆಯ ದಿನ ಇಳಿಜಾರಿನ ಅರ್ಧದಲ್ಲಿ ಮುಂದಿನ ಹಲಗೆ ಕಿತ್ತು ಬಂತು. ಬಂಡಿ ಒಂದು ಕಡೆ, ಟೀಚರ್ ಒಂದು ಕಡೆ. ಕಾಲು ಬೇಲಿಯ ಕಂಬಕ್ಕೆ ಬಡಿದು ಪಾದದ ಕೀಲು ಮುರಿಯಿತು. ಮೊದಲು ಪ್ಲಾಸ್ಟರು, ಆಮೇಲೆ ಊರುಗೋಲು, ಒಟ್ಟು ನಾಲ್ಕು ತಿಂಗಳು.

ಇಷ್ಟಾದರೂ ಟೀಚರ್ ಒಂದು ಮಾತು ಬೈಯಲಿಲ್ಲ. ಆಸ್ಪತ್ರೆಯಲ್ಲಿ ಗಡಿಬಿಡಿ ಗೊಳೋ ಎಂದು ಅತ್ತಾಗ, ಆಗಿದ್ದು ಆಯಿತು ಬಿಡು ಎಂದು ಇವಳ ಬೆನ್ನನ್ನೇ ಸವರಿದಳು. ಅಲ್ಲಿಂದ ಶುರುವಾಯಿತು ಇವಳ ಸಂಕಟ. ಬೈಗುಳ ಬಂದರೆ ತಲೆ ಬಗ್ಗಿಸಿ ನಿಂತು ಮುಗಿಸಿಬಿಡಬಹುದು. ಬಾರದ ಬೈಗುಳಕ್ಕೆ ಎಲ್ಲಿ ತಲೆ ಬಗ್ಗಿಸುವುದು? ಅಂಗಡಿಗೆ ಬಂದವರು ಯಾರಾದರೂ ಪ್ಯಾಂಟಿನ ಕಾಲು ಉದ್ದವಾಯಿತು ಎಂದರೂ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆಚ್ಚುತ್ತಿದ್ದಳು. ಚಳಿಗಾಲದ ಹೊಸ್ತಿಲಲ್ಲಿ ಟೀಚರ್ ಹೊಸ ಕೋಟು ತೊಟ್ಟು ಬೀದಿಯಲ್ಲಿ ಸಿಕ್ಕಳು. ಇಪ್ಪತ್ತು ವರ್ಷ ಟೀಚರ್ ಮೈಮೇಲೆ ಗಡಿಬಿಡಿಯ ಕೈಯದಲ್ಲದ ಕೋಟು ಬಿದ್ದಿರಲಿಲ್ಲ. ಇದು ಬೇರೆ ಯಾರದೋ ಹೊಲಿಗೆ, ಎಡಗಡೆಯ ಜೇಬು ಕೂಡ ಸೊಟ್ಟ. ಚೆನ್ನಾಗಿದೆ ಎಂದು ಬಾಯಲ್ಲಿ ಹೇಳಿದಳು, ಮನೆಗೆ ಬಂದು ಊಟ ಬಿಟ್ಟಳು. ಜಗಳವಿಲ್ಲದೆಯೇ ಗೆಳತಿ ಕೈಬಿಟ್ಟು ಹೋಗುತ್ತಿದ್ದಾಳೆ ಎಂಬ ಭಯ ಅವತ್ತಿನಿಂದ ಹತ್ತಿಕೊಂಡಿತು.

ಹೀಗಿರುವಾಗ ಬೇಕರಿಯವಳು ಬಂದು, ಈ ಸಲವೂ ಭಾನುವಾರ ಹೋಗೋಣ, ಟೀಚರ್ ಬರುತ್ತಾಳಂತೆ ಎಂದಳು. ಬರುತ್ತಾಳೆ ಸರಿ, ಆದರೆ ನನ್ನ ಬಂಡಿಯ ಮೇಲೆ ಕೂರುತ್ತಾಳೆಯೇ? ಗಡಿಬಿಡಿಗೆ ಬೇಕಾಗಿದ್ದದ್ದು ಅಷ್ಟೇ. ಕೂತರೆ ಎಲ್ಲ ಸರಿಹೋಯಿತು, ಕೂರದಿದ್ದರೆ ಮುಗಿಯಿತು ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡಳು.

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಎಂಟು ಸ್ಕ್ರೂ ಸಾಕಾಗುವ ಕಡೆ ಮೂವತ್ತು ಹಾಕಿದಳು. ಅಡ್ಡಪಟ್ಟಿಗೆ ಇನ್ನೊಂದು ಅಡ್ಡಪಟ್ಟಿ, ಅದರ ಮೂಲೆಗಳಿಗೆ ಕಬ್ಬಿಣದ ಪಟ್ಟಿ. ಬೆಳಿಗ್ಗೆ ಏಳುತ್ತಲೇ ಸ್ಕ್ರೂ ತಿರುಗಿಸಿ ನೋಡುವುದು, ಅಂಗಡಿಯಿಂದ ಬಂದು ಮತ್ತೆ ತಿರುಗಿಸುವುದು. ಒಲೆಯ ಮೇಲೆ ಬೇಳೆ ತಳ ಹಿಡಿಯಿತು, ಇನ್ನೊಂದು ದಿನ ಈರುಳ್ಳಿ ಕರಿ ಇದ್ದಿಲಾಯಿತು. ಗಂಡನನ್ನು ಬಂಡಿಯ ಮೇಲೆ ಕೂರಿಸಿ, ಅವನ ತೊಡೆಯ ಮೇಲೆ ಆಲೂಗಡ್ಡೆ ಮೂಟೆ ಇಟ್ಟು, ಕುಣಿಯಿರಿ ಎಂದಳು. ಅವನು ಕುಣಿದ. ಬಂಡಿ ಕಿರ್ ಎನ್ನಲಿಲ್ಲ. ಆದರೂ ಇವಳಿಗೆ ಸಮಾಧಾನವಿಲ್ಲ.

ಕೊನೆಗೆ ಕೈ ತನಗೆ ಗೊತ್ತಿರುವ ಕೆಲಸಕ್ಕೇ ಹೋಯಿತು. ಕೋಟು ಎಲ್ಲಿ ಸವೆಯುತ್ತದೋ ಅಲ್ಲಿ ಮೊದಲೇ ತೇಪೆ ಹಾಕಬೇಕು, ಇದು ಅವಳ ಅಂಗಡಿಯ ಕಾನೂನು. ಬಂಡಿ ಸವೆಯುವುದು ಹಿಮಕ್ಕೆ ಉಜ್ಜುವ ಅಡಿಪಟ್ಟಿಯಲ್ಲಿ ತಾನೇ? ಹಳೆಯ ಕಂಬಳಿ ಕತ್ತರಿಸಿ ಎರಡು ಪದರ ಮಾಡಿ, ಎರಡೂ ಅಡಿಪಟ್ಟಿಗಳಿಗೆ ಸುತ್ತಿ, ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿದಳು. ಹೊಲಿಗೆ ಎಷ್ಟು ಚಂದ ಬಂತೆಂದರೆ ಬಂಡಿಯನ್ನು ಮದುವೆ ಮನೆಗೇ ಕಳಿಸಬಹುದಿತ್ತು. ಅವತ್ತು ರಾತ್ರಿ ಮಾತ್ರ ಒಳ್ಳೆಯ ನಿದ್ದೆ ಬಂತು.

ಭಾನುವಾರ ಬಿಸಿಲಿತ್ತು, ಚಳಿಯೂ ಕಡಿಮೆಯಿರಲಿಲ್ಲ. ಟೀಚರ್ ಕೋಲಿಲ್ಲದೆ, ಹೆಜ್ಜೆ ನೋಡಿ ನೋಡಿ ಇಡುತ್ತ ಇಳಿಜಾರಿನ ನೆತ್ತಿಗೆ ಬಂದಳು. ಗಡಿಬಿಡಿಯ ಬಾಯಿ ಒಂದು ಕ್ಷಣ ಸುಮ್ಮನಿರಲಿಲ್ಲ: ಸೂಪು ಬಿಸಿಯಿದೆ, ಗಾಳಿಯಿಲ್ಲ, ಬಂಡಿ ಗಟ್ಟಿಯಿದೆ, ಬೇಡವಾದರೆ ಬೇಡ, ನಿನ್ನಿಷ್ಟ. ಟೀಚರ್ ಬಂಡಿಯ ಮುಂದಿನ ಹಲಗೆಯನ್ನು ಕೈಯಿಂದ ಒತ್ತಿ ನೋಡಿದಳು. ಆಮೇಲೆ ಕೋಟು ಸರಿಮಾಡಿಕೊಂಡು ಅದರ ಮೇಲೆ ಕೂತೇಬಿಟ್ಟಳು. ಗಡಿಬಿಡಿಯ ಎದೆ ಹೂವಿನಷ್ಟು ಹಗುರಾಯಿತು.

ಬೇಕರಿಯವಳು ಹಿಂದಿನಿಂದ ನೂಕಿದಳು. ಬಂಡಿ ಹಂದಾಡಲಿಲ್ಲ. ಇಬ್ಬರೂ ಸೇರಿ ನೂಕಿದರು. ಒಂದು ಮೊಳ ಹೋಗಿ ನಿಂತಿತು. ಅಡಿಯ ಕಂಬಳಿಗೆ ಹಿಮ ಮೆತ್ತಿ ಗಂಟುಗಂಟಾಗಿತ್ತು. ಪಕ್ಕದಲ್ಲಿ ಯಾರದೋ ತಾತ ತಗಡಿನ ತಟ್ಟೆಯ ಮೇಲೆ ಕೂತು ಸುಯ್ಯೆಂದು ಇಳಿದುಹೋದ. ಟೀಚರ್ ಬಗ್ಗಿ ಅಡಿಗೆ ಕೈ ಹಾಕಿದಳು.

"ಏನೇ ಇದು ಕೆಳಗೆ?"

"ಕಂಬಳಿ. ಸವೆಯೋ ಕಡೆ ತೇಪೆ ಬೇಕಲ್ಲ."

ಬೇಕರಿಯವಳು ಹಿಮದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಾರುಬಂಡಿಗೆ ಕಂಬಳಿ ಹೊದಿಸಿದವಳನ್ನು ಈಗಲೇ ನೋಡಿದ್ದು ಎಂದಳು. ಟೀಚರ್ ನಗಲಿಲ್ಲ. ಬಂಡಿಯಿಂದ ಏಳಲೂ ಇಲ್ಲ.

"ಇದು ಜಾರಬಾರ್ದು ಅಂತಾನೇ ಹೊಲ್ದಿದ್ದೀಯ ನೀನು," ಎಂದಳು.

ಹಾಗೆಂದು ಗಡಿಬಿಡಿಯೂ ಈವರೆಗೆ ಯೋಚಿಸಿರಲಿಲ್ಲ, ಆದರೆ ಕೇಳಿದ ಕೂಡಲೇ ನಿಜ ಅನ್ನಿಸಿತು. ಒಂದು ವರ್ಷದಿಂದ ಗಂಟಲಲ್ಲಿ ಬಿಸಿತುಪ್ಪದ ಹಾಗೆ ಇದ್ದದ್ದು ಆಗ ಹೊರಬಂತು.

"ನೀನೊಂದ್ಸಲ ಬೈದ್ಬಿಡೇ. ಕೂತ್ರೆ ಕೂರಕ್ಕಾಗಲ್ಲ, ನಿಂತ್ರೆ ನಿಲ್ಲಕ್ಕಾಗಲ್ಲ ನಂಗೆ."

"ಬೈದ್ರೆ ಏನಾಗುತ್ತೆ ಗೊತ್ತಾ?" ಟೀಚರ್ ಧ್ವನಿ ತರಗತಿಯಲ್ಲಿ ಇದ್ದ ಹಾಗೇ ಇತ್ತು, ಮೆಲ್ಲಗೆ, ಸ್ಪಷ್ಟವಾಗಿ. "ನೀನು ಅಳ್ತೀಯ. ಆಮೇಲೆ ನಾನು ಸಮಾಧಾನ ಮಾಡ್ಬೇಕು. ಆಸ್ಪತ್ರೇಲೂ ಅದೇ ಆಯ್ತು. ಕಾಲು ಮುರ್ಕೊಂಡೋಳೂ ನಾನೇ, ಸಮಾಧಾನ ಹೇಳೋಳೂ ನಾನೇನಾ?"

ಬೇಕರಿಯವಳ ನಗು ನಿಂತಿತು. ಟೀಚರ್ ಮಾತ್ರ ಮುಂದುವರಿಸಿದಳು. ಮುರಿದ ಹಲಗೆಯಲ್ಲಿ ಮೊಳೆಗಳನ್ನು ಅವತ್ತೇ ನೋಡಿದ್ದಳಂತೆ. ಶಾಲೆಯ ಮೆಟ್ಟಿಲನ್ನು ಕೂತು ಕೂತು ಹತ್ತಿದ್ದು, ಮಕ್ಕಳು ಅದನ್ನು ನೋಡಿದ್ದು, ಸ್ನಾನಕ್ಕೆ ಪಕ್ಕದ ಮನೆಯವಳನ್ನು ಕರೆದದ್ದು, ಎಲ್ಲ ಹೇಳಿದಳು. ಕೋಟನ್ನು ಬೇಕೆಂದೇ ಬೇರೆ ಕಡೆ ಹೊಲಿಸಿದ್ದು ಎಂದಳು. ಸೊಟ್ಟ ಜೇಬು ಕಂಡಾಗ ತನಗೂ ಅಳು ಬಂದಿತ್ತು ಎಂದಳು. ಗಡಿಬಿಡಿಯ ಕಣ್ಣಂಚಿಗೆ ನೀರು ಬಂದು ನಿಂತಿತ್ತು. ತುಟಿ ಕಚ್ಚಿಕೊಂಡು ಅದನ್ನು ಬೀಳಗೊಡಲಿಲ್ಲ. ನಡುವೆ ಮಾತು ಹಾಕಲಿಲ್ಲ, ಕ್ಷಮಿಸು ಎಂದು ಕಾಲಿಗೂ ಬೀಳಲಿಲ್ಲ. ಅವಳ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದನ್ನು ಮಾಡಿರಲಿಲ್ಲ.

ಟೀಚರ್ ಮುಗಿಸಿದ ಮೇಲೆ ಬೇಕರಿಯವಳು ಬ್ರೆಡ್ ಚಾಕುವನ್ನು ತಂದು ಗಡಿಬಿಡಿಯ ಕೈಗೆ ಕೊಟ್ಟಳು. ಒಂದೊಂದೇ ಹೊಲಿಗೆ ಕೊಯ್ದು ಕಂಬಳಿ ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಮುಂದೆ ನೀನು ಕೂತುಕೋ, ಕಂಬ ಬಂದರೆ ಮೊದಲು ನಿನಗೇ ಬಡಿಯಲಿ ಎಂದು ಟೀಚರ್ ಜಾಗ ಬಿಟ್ಟಳು. ಇಬ್ಬರೂ ಕೂತು ಇಳಿದರು. ಬಂಡಿ ಅಲ್ಲಾಡದೆ ಹೋಗಿ ತಳದಲ್ಲಿ ನಿಂತಿತು. ಟೀಚರ್ ದಾರಿಯುದ್ದಕ್ಕೂ ಇವಳ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದಳು.

"ಚಳಿಗೆ ಇನ್ನೂ ನೋಯುತ್ತೆ ಕಣೇ," ಎಂದಳು, ಇಳಿಯುತ್ತ. "ನೋವು ಬಂದಾಗೆಲ್ಲ ನಿಂಗೆ ಫೋನ್ ಮಾಡಿ ಬೈತೀನಿ."

"ಮಾಡು," ಎಂದಳು ಗಡಿಬಿಡಿ.

ಮಾತಿಗೆ ಹೇಳಿದ್ದಿರಬಹುದು ಎಂದುಕೊಂಡಿದ್ದಳು. ಸೋಮವಾರ ಬೆಳಿಗ್ಗೆ, ಕಿಟಕಿಯ ಗಾಜಿನ ಮೇಲೆ ಹಿಮ ಬಿಗಿದಿರುವಾಗಲೇ ಫೋನ್ ಬಡಿದುಕೊಂಡಿತು; ಟೀಚರೇ. ಅಂಗಡಿಗೆ ಹೊರಟು ಒಂದು ತೋಳು ಕೋಟಿನೊಳಗೆ ಹಾಕಿದ್ದಳು. ಬಿಸಿನೀರು ಇಟ್ಟುಕೋ, ಎಣ್ಣೆ ಹಚ್ಚು, ಡಾಕ್ಟರಿಗೆ ತೋರಿಸು, ನಾನೀಗಲೇ ಬಂದೆ, ಎಲ್ಲವೂ ಒಟ್ಟಿಗೆ ನಾಲಿಗೆಯ ತುದಿಗೆ ಬಂತು. ಎಲ್ಲವನ್ನೂ ನುಂಗಿಕೊಂಡಳು. ಕುರ್ಚಿ ಎಳೆದು ಕೂತು, "ಹೇಳೇ," ಎಂದಳು.