ಅಕ್ಕನ ಹಲ್ಲಿನ ದುಡ್ಡು

ಎಡಗಡೆಯ ಸ್ಪ್ರಿಂಗ್ ಸತ್ತಿದೆ, ಕೂತ ಕೂಡಲೇ ಗೊತ್ತಾಯಿತು, ಮೇಲಿನ ಬಟ್ಟೆ ಹೊಸದು, ಒಳಗಿನದೆಲ್ಲ ಹಳೆಯದು, ಯಾರೋ ಆತುರಗಾರ ಗೋಣಿಬಟ್ಟೆಯನ್ನೂ ಬದಲಿಸದೆ ಪಿನ್ನು ಹೊಡೆದು ಕೈತೊಳೆದುಕೊಂಡಿದ್ದಾನೆ, ಕುರ್ಚಿಯ ಅಂಚಿನಡಿಯಲ್ಲಿ ಕೂತವನ ಹೆಬ್ಬೆರಳು ತಾನಾಗಿಯೇ ಓಡಾಡಿ ಪಿನ್ನುಗಳ ನಡುವಿನ ಅಂತರ ಅಳೆಯುತ್ತಿದೆ, ಬೆರಳಿಗೊಂದು ಇರಬೇಕಾದ ಕಡೆ ಮೂರು ಬೆರಳಿಗೊಂದು — ಕೇಳಿಸ್ಕೊಳ್ತಿದೀರಾ, ಅಂದರು ಮೇಜಿನಾಚೆಯಿಂದ ವಕೀಲರು, ಹೂಂ ಮೇಡಂ, ಕೇಳ್ತಾ ಇದೀನಿ, ಕೋರ್ಟಿನ ಫೀಸು ಒಂದು, ಅದನ್ನ ನಾಲ್ಕು ಕಂತಲ್ಲಿ ಕಟ್ಟಬಹುದು, ನನ್ನ ಫೀಸು ಒಂದು, ಆಮೇಲೆ ತರಗತಿಯದೊಂದು, ಯಾವ ತರಗತಿ, ದುಡ್ಡು ಹೇಗೆ ನಿಭಾಯಿಸಬೇಕು ಅಂತ ಎರಡು ಗಂಟೆ ಪಾಠ ಮಾಡ್ತಾರೆ, ಆ ಚೀಟಿ ಇಲ್ದೆ ದಿವಾಳಿ ಅರ್ಜಿ ತಗೊಳ್ಳಲ್ಲ, ಅದಕ್ಕೂ ಫೀಸು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಸರ್ಕಾರ ಫೀಸು ಇಟ್ಟು ಕಲಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಗು ಬರಬೇಕಿತ್ತು, ಬರಲಿಲ್ಲ, ಕೆಲವು ವಾರಗಳಿಂದ ಬರಬೇಕಾದ್ದು ಯಾವುದೂ ಬರುತ್ತಿಲ್ಲ, ಹಸಿವೂ ಇಲ್ಲ, ಕೋಪವೂ ಇಲ್ಲ, ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿದೆ, ಚಿವುಟಿದರೆ ಚಿವುಟಿದ್ದು ಕಾಣುತ್ತದೆ ಅಷ್ಟೆ.

ಮುಂದೆ ಹನ್ನೆರಡು ಹಾಳೆಯ ಅರ್ಜಿ. ಚಮಚದಿಂದ ಹಿಡಿದು ಇರೋದೆಲ್ಲ ಬರೀರಿ, ಮರೆತ್ರೂ ತೊಂದ್ರೆ, ಮರೆಸಿದ್ರೂ ತೊಂದ್ರೆ, ಅಂದಿದ್ದರು ವಕೀಲರು, ಅದಕ್ಕೇ ಬರೆದಿದ್ದಾನೆ, ಮಂಚ ಒಂದು, ಪ್ಲಾಸ್ಟಿಕ್ ಕುರ್ಚಿ ಎರಡು, ಊರವರಿಗೆಲ್ಲ ಸೋಫಾ ಹೊಲಿದು ಕೊಟ್ಟವನ ಮನೆಯಲ್ಲಿ ಸೋಫಾ ಇಲ್ಲ, ಅವಲಂಬಿತರು ಯಾರೂ ಇಲ್ಲ, ಒಂಟಿ ಗೂಬೆ ಅನ್ನುತ್ತಾಳೆ ಅಕ್ಕ, ಕಸುಬಿನ ಸಾಮಾನು ಎಂಬ ಕಡೆ ಕತ್ತರಿ ಮೂರು, ದಪ್ಪ ಸೂಜಿಯ ಮಷೀನು ಒಂದು, ತುದಿಗೆ ಅಯಸ್ಕಾಂತವಿರುವ ಸುತ್ತಿಗೆ ಒಂದು, ಅದರ ಬೆಲೆ ಎಷ್ಟೆಂದು ಬರೆಯುವುದು, ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಕೊಟ್ಟದ್ದು, ತುಟಿಯ ನಡುವೆ ಸಣ್ಣ ಮೊಳೆಗಳನ್ನು ಸಾಲಾಗಿ ಹಿಡಿದು ಒಂದೊಂದನ್ನೇ ನಾಲಿಗೆಯಿಂದ ತಳ್ಳಿ ಸುತ್ತಿಗೆಯ ಮೂತಿಗೆ ಅಂಟಿಸಿಕೊಳ್ಳುವುದನ್ನೂ ಅವನೇ ಕಲಿಸಿದ್ದು, ಬಾಯಲ್ಲಿ ಮೊಳೆ ಇದ್ದಾಗ ಮಾತಾಡಬೇಡ, ನಗಬೇಡ, ನುಂಗಬೇಡ, ಇಪ್ಪತ್ತೆಂಟು ವರ್ಷ ಕಬ್ಬಿಣದ ರುಚಿಯೇ ಬಾಯಿಯ ರುಚಿ. ಇನ್ನೊಂದನ್ನು ಮೇಸ್ತ್ರಿ ಮೊದಲ ದಿನವೇ ಹೇಳಿದ್ದ, ಸೋಫಾ ಬಿಚ್ಚಿದರೆ ಹೊಟ್ಟೆಯಲ್ಲಿ ಏನೇನೋ ಸಿಗುತ್ತೆ ಕಣೋ, ಚಿಲ್ಲರೆ, ಬಾಚಣಿಗೆ, ಕಿವಿಯೋಲೆ, ಎಲ್ಲ ಒಂದು ಕವರಿಗೆ ಹಾಕಿ ಹೆಸರು ಬರಿ, ಆಮೇಲೆ ಸುತ್ತಿಗೆ ಮುಟ್ಟು, ಅವರದು ಅವರಿಗೆ ಮೊದಲು, ನಮ್ಮ ಕೂಲಿ ಆಮೇಲೆ. ಇವನು ಒಂದು ದಿನವೂ ಅದನ್ನು ತಪ್ಪಿಸಿದವನಲ್ಲ, ಒಮ್ಮೆ ಒಬ್ಬಾಕೆಗೆ ಕವರಿನಲ್ಲಿ ಒಂದೇ ಒಂದು ಗುಂಡಿ ಹಾಕಿ ಕೊಟ್ಟಿದ್ದ, ಆಕೆ ಅವನ ಮುಖವನ್ನೇ ನೋಡಿದ್ದಳು, ಪೂರ್ತಿ ಹುಚ್ಚನೋ ಅರ್ಧ ಹುಚ್ಚನೋ ಎಂಬಂತೆ.

ಥಿಯೇಟರು. ಮುನ್ನೂರ ಇಪ್ಪತ್ತು ಸೀಟು, ಕೆಂಪು ಬಟ್ಟೆ, ಹೊಸ ಫೋಮು, ಅಷ್ಟು ದೊಡ್ಡ ಕೆಲಸ ಅವನ ಜನ್ಮದಲ್ಲಿ ಬಂದಿರಲಿಲ್ಲ, ಥಿಯೇಟರಿನವನು ಕೈಕುಲುಕಿದ್ದ, ಮುಂಗಡ ಸ್ವಲ್ಪ, ಉಳಿದದ್ದು ಕೆಲಸ ಮುಗಿದ ಮೇಲೆ, ಇವನು ಬ್ಯಾಂಕಿನಲ್ಲಿ ಸಾಲ ಎತ್ತಿದ, ಫೋಮಿನ ವ್ಯಾಪಾರಿ ಬರೀ ಮಾತಿನ ಮೇಲೆ ಲೋಡುಗಟ್ಟಲೆ ಇಳಿಸಿ ಹೋದ, ಆದರೂ ಬಟ್ಟೆಗೆ ಎಂಬತ್ತು ಸಾವಿರ ಕಡಿಮೆ ಬಿತ್ತು, ಅಕ್ಕನ ಮುಂದೆ ಹೋಗಿ ನಿಂತ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನೀನು ಹಾಸಿಗೆ ಹೊಲಿಯೋನೇ ಅಲ್ವೇನೋ, ನಿಂಗೆ ಅಳತೆ ಗೊತ್ತಾಗಲ್ವಾ, ಅಂದಳು, ಅನ್ನುತ್ತಲೇ ಒಳಗೆ ಹೋಗಿ ಡಬ್ಬಿ ತಂದಳು, ಅದು ಹಲ್ಲಿನ ದುಡ್ಡು, ಹೊಸ ಹಲ್ಲು ಕಟ್ಟಿಸಲೆಂದು ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕಿ ಒಂಬತ್ತು ವರ್ಷ ಕೂಡಿಟ್ಟದ್ದು, ಇಪ್ಪತ್ತಾರರ ವಯಸ್ಸಿಗೆಲ್ಲ ಅವಳ ಒಸಡು ಕೆಟ್ಟು ಮುಂದಿನ ಹಲ್ಲು ಒಂದೊಂದಾಗಿ ಉದುರಿದ್ದವು, ಅಂದಿನಿಂದ ನಗು ಬಂದರೆ ಬಲಗೈ ಮೊದಲು ಬರುತ್ತಿತ್ತು, ಅಂಗೈ ಬಾಯಿಯ ಮೇಲೆ, ಬೆರಳು ಕೆನ್ನೆಯ ಮೇಲೆ, ನಗುವೆಲ್ಲ ಆ ಕೈಯ ಹಿಂದೆ. ಬೇಡ ಅಕ್ಕ, ಇದು ನಿನ್ನ ಹಲ್ಲಿಂದು, ತಗೊಳ್ಳೋ, ಹಲ್ಲು ಎಲ್ಲಿಗೆ ಹೋಗುತ್ತೆ, ಆಗಲೇ ಹೋಗಿ ಆಗಿದೆಯಲ್ಲ, ಎಂದು ನಕ್ಕಳು, ಕೈ ಬಾಯಿಯ ಮೇಲೆ.

ಥಿಯೇಟರಿನವನು ಹಣ ಕೊಡಲಿಲ್ಲ, ಕಾಗದ ಕೊಟ್ಟ, ಅವನೇ ದಿವಾಳಿ ಅರ್ಜಿ ಹಾಕಿದ್ದ, ಅವನು ಹಣ ಕೊಡಬೇಕಾದವರ ಪಟ್ಟಿಯಲ್ಲಿ ಇವನ ಹೆಸರು ಇಪ್ಪತ್ಮೂರನೆಯದು, ಅಕ್ಷರ ತಪ್ಪಿಲ್ಲದೆ ಟೈಪು ಮಾಡಿದ್ದರು, ಈಗ ಇವನ ಪಟ್ಟಿಯಲ್ಲಿ ಫೋಮಿನ ವ್ಯಾಪಾರಿ ಎರಡನೆಯವನು, ಅವನಿಗೂ ಅಂಥದ್ದೇ ಕಾಗದ ಹೋಗುತ್ತದೆ, ಪಾಪರ್ ಚೀಟಿ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಥಿಯೇಟರಿನ ಕಾಗದ ಬಂದಾಗ ಸಾಮಾನು ಸಾಗಿಸುವ ತನ್ನ ವ್ಯಾನು ಮಾರಿದ. ಬಂದ ದುಡ್ಡು ಮೇಜಿನ ಮೇಲಿತ್ತು, ಬ್ಯಾಂಕಿನ ನೋಟಿಸು ಪಕ್ಕದಲ್ಲೇ ಇತ್ತು, ಅವನು ಯೋಚನೆಯನ್ನೇ ಮಾಡಲಿಲ್ಲ, ಕಂದು ಕವರು ತೆಗೆದ, ಎಂಬತ್ತು ಸಾವಿರ ಒಳಗಿಟ್ಟ, ಮೇಲೆ ಅಕ್ಕ ಎಂದು ಬರೆದ, ಅವರದು ಅವರಿಗೆ ಮೊದಲು, ಆ ದಿನ ನಡೆದೇ ಅಕ್ಕನ ಮನೆಗೆ ಹೋದ, ಜೀವನದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದೆ ಎಂಬ ಹೆಮ್ಮೆ ಇತ್ತು, ಹೌದು, ಹೆಮ್ಮೆಯೇ, ಆಗ ಇನ್ನೂ ಜೋಮು ಹಿಡಿದಿರಲಿಲ್ಲ. ಎರಡು ತಿಂಗಳಿಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಹೇಗಿದೆ ಹೇಳೋ, ಹಲ್ಲು ತೋರಿಸಿದಳು, ಬಿಳಿ, ಸ್ವಲ್ಪ ಹೆಚ್ಚೇ ಬಿಳಿ, ಕುದುರೆ ಥರ ಕಾಣ್ತೀಯ ಅಂದ, ಅವಳಿಗೆ ನಗು ಬಂತು, ಅಭ್ಯಾಸಬಲದಿಂದ ಕೈ ಮೇಲೆದ್ದಿತು, ಗಲ್ಲದ ತನಕ ಬಂದು, ನಿಂತು, ತನಗೇನು ಕೆಲಸವೆಂದು ಮರೆತ ಆಳಿನ ಹಾಗೆ ಅತ್ತಿತ್ತ ಆಡಿ ಕೆಳಗಿಳಿಯಿತು. ಐವತ್ತೆರಡರ ಹೆಂಗಸು ಬಾಯ್ತುಂಬ ನಕ್ಕಳು. ಆಮೇಲೆ ಲಾಂಡ್ರಿಯವರು ಅವಳನ್ನು ಒಳಗಿನ ಇಸ್ತ್ರಿ ಮೇಜಿನಿಂದ ಮುಂದಿನ ಕೌಂಟರಿಗೆ ತಂದರು, ದಿನಕ್ಕೆ ನೂರು ಜನರ ಮುಂದೆ ಬಾಯಿ ತೆರೆಯುವ ಕೆಲಸ, ಫೋನಿನಲ್ಲೂ ಅವಳ ನಗು ಬೇರೆಯಾಯಿತು, ಮೊದಲು ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿದ್ದದ್ದು ಈಗ ಕಿವಿಯೊಳಗೇ ಬಂದು ಒಡೆಯುತ್ತದೆ.

ಪ್ರಶ್ನೆ ಹದಿನೇಳು. ಕಳೆದ ಹನ್ನೆರಡು ತಿಂಗಳಲ್ಲಿ ಸಂಬಂಧಿಕರ ಸಾಲ ತೀರಿಸಿದ್ದೀರಾ, ಇದ್ದರೆ ಹೆಸರು, ವಿಳಾಸ, ಮೊತ್ತ, ಸಂಬಂಧ. ಇಡೀ ಅರ್ಜಿಯಲ್ಲಿ ತಲೆಯೆತ್ತಿ ಉತ್ತರಿಸಬಹುದಾದ ಪ್ರಶ್ನೆ ಇದೊಂದೇ ಅಂದುಕೊಂಡಿದ್ದ, ಹೌದು ಮೇಡಂ, ಅಕ್ಕಂದು ಪೂರ್ತಿ ತೀರಿಸಿದೀನಿ, ಬಿಡಿಗಾಸೂ ಬಾಕಿ ಇಲ್ಲ, ವಕೀಲರು ಪೆನ್ನು ಕೆಳಗಿಟ್ಟರು, ಯಾವಾಗ, ಹತ್ತು ತಿಂಗಳಾಯ್ತು, ಅಯ್ಯೋ, ಬ್ಯಾಂಕಿಗೆ ಕಟ್ಟೋಕೆ ಮುಂಚೆ ಅಕ್ಕನಿಗೆ ಯಾಕೆ ಕೊಟ್ರಿ, ಅದು ಅವಳದು ಮೇಡಂ, ಬ್ಯಾಂಕಿನದೂ ಅವರದೇ ಅಲ್ವಾ — ಬ್ಯಾಂಕಿಗೂ ಒಂದು ಕವರು ಎಂದು ಮೇಸ್ತ್ರಿ ಹೇಳಿಕೊಟ್ಟಿರಲಿಲ್ಲ. ನೋಡಿ, ಎಲ್ಲ ಸಾಲದವರಿಗೂ ಹಂಚಬೇಕಾಗಿದ್ದ ದುಡ್ಡನ್ನ ನೀವು ಮನೆಯವರಿಗೆ ಕೊಟ್ಟ ಲೆಕ್ಕ ಆಗುತ್ತೆ, ಕೋರ್ಟು ನೇಮಿಸೋ ಅಧಿಕಾರಿ ನಿಮ್ಮಕ್ಕನಿಗೆ ಕಾಗದ ಹಾಕಿ ವಾಪಸ್ ಕೇಳ್ತಾರೆ, ಅವಳ ಹತ್ರ ಎಲ್ಲಿದೆ ಮೇಡಂ, ಹಲ್ಲು ಕಟ್ಟಿಸ್ಕೊಂಡುಬಿಟ್ಳು, ಏನು ಮಾಡಿಸ್ಕೊಂಡಿದ್ರೂ ಕೇಳ್ತಾರೆ, ಸಂಬಳದಿಂದ ಕಂತಲ್ಲಿ ಕಟ್ಟಬೇಕಾಗುತ್ತೆ, ಎಷ್ಟು ವರ್ಷ, ಸಂಬಳ ನೋಡಿದ್ರೆ ನಾಲ್ಕೈದು. ಬರೀದೇ ಬಿಟ್ರೆ, ಆ ಮಾತು ನಾನು ಕೇಳಿಸ್ಕೊಂಡಿಲ್ಲ, ಸಿಕ್ಕಿಬಿದ್ರೆ ಅರ್ಜಿಯೂ ಹೋಗುತ್ತೆ ನೀವೂ ಹೋಗ್ತೀರ. ಎರಡು ತಿಂಗಳು ಕಾದ್ರೆ, ಕಾದ್ರೆ ವರ್ಷ ದಾಟುತ್ತೆ, ಅಕ್ಕ ಪಾರು, ಆದ್ರೆ ಬ್ಯಾಂಕಿನವರು ಈ ಹದಿನೆಂಟನೇ ತಾರೀಕು ಬಂದು ಅಂಗಡಿಗೆ ಬೀಗ ಹಾಕ್ತಾರೆ, ಮಷೀನೂ ಹೋಗುತ್ತೆ, ಈಗ್ಲೇ ಅರ್ಜಿ ಹಾಕಿದ್ರೆ ಕಸುಬಿನ ಸಾಮಾನು ಯಾರೂ ಮುಟ್ಟಲ್ಲ, ಯೋಚನೆ ಮಾಡಿ, ಕಾಗದ ಹೋಗಿ ಗೊತ್ತಾಗೋದಕ್ಕಿಂತ ನೀವೇ ಫೋನ್ ಮಾಡಿ ಹೇಳೋದು ಮೇಲು, ನಾನು ಅಷ್ಟರಲ್ಲಿ ಇವನ್ನ ಜೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ. ಬಾಗಿಲು ಮುಚ್ಚಿತು. ಕೋಣೆಯಲ್ಲಿ ಫ್ಯಾನು, ಅರ್ಧ ನೀರಿನ ಬಾಟಲಿ, ಸತ್ತ ಸ್ಪ್ರಿಂಗು. ಕೋರ್ಟಿನ ಫೀಸು, ವಕೀಲರ ಫೀಸು, ಪಾಠದ ಫೀಸು ಎಂದು ಮೂರು ಖರ್ಚು ಬರೆದುಕೊಂಡಿದ್ದ ಚೀಟಿಯಲ್ಲಿ ನಾಲ್ಕನೆಯದಕ್ಕೆ ಜಾಗ ಬಿಟ್ಟಿರಲಿಲ್ಲ.

ಫೋನಿನಲ್ಲಿ ಒಗೆಯುವ ಯಂತ್ರಗಳ ಗುಡುಗುಡು, ಅದರ ಮೇಲೆ ಅಕ್ಕ, ಹೇಳು ಕಣೋ, ಊಟ ಆಯ್ತಾ, ಅವನು ಹೇಳಿದ, ಯಾರದೋ ಸುದ್ದಿ ಓದಿದ ಹಾಗೆ ಹೇಳಿದ, ಹದಿನೇಳನೇ ಪ್ರಶ್ನೆ, ಹತ್ತು ತಿಂಗಳು, ಕಾಗದ ಬರುತ್ತೆ, ಕಂತು, ನಾಲ್ಕೈದು ವರ್ಷ, ಇಲ್ಲಾಂದ್ರೆ ಕಾಯ್ತೀನಿ ಅಕ್ಕ, ಮಷೀನು ಹೋದ್ರೆ ಹೋಗ್ಲಿ, ಮುಳುಗಿದವನಿಗೆ ಚಳಿಯೇನು ಮಳೆಯೇನು, ಅಲ್ಲಿ ಬಟ್ಟೆಗಳು ಸುತ್ತುತ್ತಿದ್ದವು, ಯಾರೋ ರಸೀದಿ ಕೇಳಿದರು, ಅಕ್ಕ ಒಂದ್ನಿಮಿಷ ಅಂದಳು, ಅವರಿಗೋ ಇವನಿಗೋ. ಆಮೇಲೆ, ಬರಿ, ಅಂದಳು. ಅಕ್ಕ. ಬರಿಯೋ ಅಂದ್ರೆ, ಮಷೀನು ಹೋದ್ರೆ ಹೊಟ್ಟೆಗೇನು ತಿಂತೀಯ, ಮೊಳೇನಾ, ನನ್ನ ಹೆಸರು ನೆಟ್ಟಗೆ ಬರಿ, ಆ ಕಾಗುಣಿತ ನಿಂಗೆ ಯಾವತ್ತೂ ಬಂದಿಲ್ಲ, ಕಾಗದ ಬಂದ್ರೆ ಬರ್ಲಿ ಬಿಡು, ಬಂದು ಹಲ್ಲು ಕಿತ್ಕೊಂಡು ಹೋಗ್ತಾರಾ, ಬರ್ಲಿ, ಕಚ್ತೀನಿ, ಎಂದು ನಕ್ಕಳು, ಕಿವಿಯೊಳಗೇ ಒಡೆಯುವ ಆ ಹೊಸ ನಗು, ಬಿಚ್ಚುನಗು, ಅವನ ತುಟಿಯೂ ಸ್ವಲ್ಪ ಅಲುಗಿತು, ಆಗ ನಡುವೆಯೇ ಅದು ಬದಲಾಯಿತು, ನಗು ನಿಲ್ಲಲಿಲ್ಲ, ಮಂಕಾಯಿತು, ಗೋಡೆಯಾಚೆಗೆ ಸರಿಯಿತು, ಇಪ್ಪತ್ತೈದು ವರ್ಷ ಕೇಳಿದ ಸದ್ದು, ಅವನಿಗೆ ಗೊತ್ತಿಲ್ಲದಿರುತ್ತದೆಯೇ, ಇಡ್ತೀನಿ ಕಣೋ, ಜನ ಇದಾರೆ, ಅಂದದ್ದೂ ಅದರ ಹಿಂದಿನಿಂದಲೇ ಬಂತು. ಹದಿನೇಳರ ಕೆಳಗೆ ಹೆಸರು ಬರೆದ, ಕಾಗುಣಿತ ನೋಡಿಕೊಂಡು ಬರೆದ, ವಿಳಾಸ ಬರೆದ, ಎಂಬತ್ತು ಸಾವಿರ ಎಂದು ಬರೆದ, ಬಾಯಲ್ಲಿ ಮೊಳೆಯಿಲ್ಲ, ಆದರೂ ಕಬ್ಬಿಣದ ರುಚಿ, ಸಂಬಂಧ ಎಂಬ ಕಡೆಗೆ ಪೆನ್ನು ಬಂತು, ಹಲ್ಲು ಹಾಗೇ ಇದೆ, ಬಿಳಿ, ಗಟ್ಟಿ, ಒಂದೂ ಅಲುಗಿಲ್ಲ, ನೂರು ಜನ ನಿಲ್ಲುವ ಕೌಂಟರಿನ ಹಿಂದೆ ಅಕ್ಕ ನಿಂತಿದ್ದಾಳೆ, ಎಡಗೈಯಲ್ಲಿ ಫೋನು, ಬಲಗೈ ಬಾಯಿಯ ಮೇಲೆ, ಅಂಗೈ ಬಾಯಿಯ ಮೇಲೆ, ಬೆರಳು ಕೆನ್ನೆಯ ಮೇಲೆ, ಕೈ ಇಳಿಸು ಅಕ್ಕ, ಕೈ ಬಾಯಿಯ ಮೇಲೆ